ಲಬೀಬನ ರಾಶಿ

ಶವಪೆಟ್ಟಿಗೆ ಓಣಿಯ ತಿರುವಿನಲ್ಲಿ ಸಿಕ್ಕಿಕೊಂಡಿತು. ಮುಂದೆ ಹೆಗಲು ಕೊಟ್ಟವರು ತಿರುವು ದಾಟಿದ್ದರು, ಹಿಂದಿನವರು ಇನ್ನೂ ಈಚೆಯೇ ಇದ್ದರು, ಎರಡೂ ಗೋಡೆಗೆ ಆನಿಸಿಟ್ಟ ಪ್ಲಾಸ್ಟಿಕ್ ಚೀಲಗಳು ನಡುವೆ ಪೆಟ್ಟಿಗೆಯನ್ನು ಬಿಗಿಯಾಗಿ ಹಿಡಿದಿದ್ದವು.

“ಎಳೀಬೇಡ್ರೋ, ಮೊದ್ಲು ಚೀಲ ತೆಗೀರಿ,” ಎಂದ ಸಿದ್ರಾಕ್. ಸತ್ತ ಲಬೀಬನ ತಮ್ಮ ಅವನು. ಪ್ಲಾಸ್ಟಿಕ್ ಪುಡಿ ಮಾಡುವ ಯಂತ್ರ ಇದ್ದದ್ದು ಅವನ ಮನೆಯಲ್ಲಿ, ಹಾಗಾಗಿ ಓಣಿಯವರು ಅವನ ಮಾತು ಕೇಳುತ್ತಿದ್ದರು.

“ಬದುಕಿದ್ದಾಗ್ಲೂ ಹೀಗೇ ಅಲ್ವಾ,” ಹಿಂದಿನಿಂದ ಒಬ್ಬ ಮುದುಕ ಗೊಣಗಿದ. “ಚೀಲ ಕಂಡಲ್ಲಿ ನಿಂತುಬಿಡೋನು. ಒಳಗೆ ಕೈ ಹಾಕಿ ನೋಡ್ದೆ ಮುಂದೆ ಹೋದೋನಲ್ಲ.”

ಯಾರೋ ನಕ್ಕರು, ನಕ್ಕಿದ್ದಕ್ಕೆ ನಾಚಿ ಕೆಮ್ಮಿದರು. ಪೆಟ್ಟಿಗೆಯ ಹಿಂದೆ ನಿಂತಿದ್ದ ಹೆಂಡತಿ ರಿಫ್ಕಾಳ ತುಟಿಗೂ ನಗು ಬಂದು ಹೋಯಿತು. ಮಾತು ನಿಜವೇ. ಕೈರೋ ನಗರ ತಿಂದು, ಕುಡಿದು, ಒಡೆದು ಬಿಸಾಡಿದ್ದೆಲ್ಲ ದಿನ ಬೆಳಗಾದರೆ ಈ ಬೆಟ್ಟದ ಬುಡಕ್ಕೆ ಬಂದು ಬೀಳುತ್ತಿತ್ತು. ಅದರಲ್ಲಿ ಹೊಟ್ಟೆಗೆ ಬೇಕಾದ್ದನ್ನು ಎಲ್ಲರೂ ಹುಡುಕಿಕೊಂಡರು. ಈ ಮನುಷ್ಯ ಒಬ್ಬ ಮಾತ್ರ ಕಣ್ಣಿಗೆ ಬೇಕಾದ್ದನ್ನೂ ಹುಡುಕುತ್ತಿದ್ದ.

“ಯೂಸ್ತಿನಾಳ ತಾಯಿ, ಗೋಡೆ ಹಿಡ್ಕೊಳ್ಳಮ್ಮ, ಕಾಲು ಜಾರುತ್ತೆ,” ಎಂದಳು ಪಕ್ಕದ ಮನೆಯವಳು.

ಅವಳನ್ನು ರಿಫ್ಕಾ ಎಂದು ಕರೆಯುತ್ತಿದ್ದವನು ಗಂಡ ಒಬ್ಬನೇ. ಉಳಿದವರಿಗೆಲ್ಲ ಅವಳು ಯೂಸ್ತಿನಾಳ ತಾಯಿ. ಚೊಚ್ಚಲ ಮಗುವಿನ ಹೆಸರಲ್ಲೇ ತಾಯಿಯನ್ನು ಕರೆಯುವುದು ಇಲ್ಲಿಯ ರೂಢಿ. ಮಗು ಹೋಗಿ ಎಷ್ಟೋ ಕಾಲವಾಗಿದ್ದರೂ ಹೆಸರು ಮಾತ್ರ ತಾಯಿಯ ಮೈಗೆ ಅಂಟಿಕೊಂಡೇ ಉಳಿದಿತ್ತು.

ಚೀಲಗಳನ್ನು ಎತ್ತಿದರು, ಪೆಟ್ಟಿಗೆ ಹೊರಟಿತು. ರಿಫ್ಕಾ ಒಮ್ಮೆ ತಿರುಗಿ ನೋಡಿದಳು. ಮನೆ ಮುಂದಿನ ಕಸದ ರಾಶಿಯ ಸುತ್ತ ನೆರೆಯ ಹೆಂಗಸರು ಆಗಲೇ ಅಂಗಿಯ ತೋಳು ಮೇಲೇರಿಸಿ ಕುಳಿತಿದ್ದರು. ಸಾವಿನ ಮನೆಯ ರಾಶಿ ನೆರೆಯವರ ಪಾಲಿನ ಕೆಲಸ. ಮಣ್ಣು ಮಾಡಿ ಬರುವುದರೊಳಗೆ ಅದನ್ನು ವಿಂಗಡಿಸಿ, ಚೀಲ ಕಟ್ಟಿ, ನೆಲ ಗುಡಿಸಿಟ್ಟಿರಬೇಕು. ಸತ್ತವನ ರಾಶಿ ಉಳಿದರೆ ಮೇಲೆ ಹೋದರೂ ಅವನ ಕೈಗೆ ಬಿಡುವಿಲ್ಲ ಅನ್ನುತ್ತಾರೆ. ರಿಫ್ಕಾ ತಾನೂ ಎಷ್ಟೋ ಮನೆಗಳಲ್ಲಿ ಹೀಗೆ ಕೂತು ಎದ್ದವಳು.

ಇಗರ್ಜಿಯಲ್ಲಿ ಪ್ರಾರ್ಥನೆ ಮುಗಿಯಿತು. ಪೆಟ್ಟಿಗೆಯನ್ನು ಗಾಡಿಗೆ ಏರಿಸುವಾಗ ಸಿದ್ರಾಕ್ ಬಂದು ಅತ್ತಿಗೆಯ ಕಿವಿಯ ಹತ್ತಿರ ಬಗ್ಗಿದ.

“ಅತ್ತಿಗೆ, ಒಂದು ತಾಪತ್ರಯ ಆಗಿದೆ. ಸಂಜೆ ಜನ ಮಾತಾಡ್ಸೋಕೆ ಬರ್ತಾರೆ. ಇಗರ್ಜಿ ಹಾಲ್‌ನಲ್ಲಿ ಇವತ್ತು ಇನ್ನೊಬ್ಬರದ್ದು ಇದೆಯಂತೆ. ಓಣೀಲಿ ನೋಡಿದ್ರಲ್ಲ, ಹೆಣ ಹಾಯೋಕೇ ಜಾಗ ಇಲ್ಲ, ಕುರ್ಚಿ ಎಲ್ಲಿ ಹಾಕ್ಸೋದು?”

“ನಿಮ್ಮಣ್ಣನ ತೋಟದಲ್ಲಿ ಹಾಕ್ಸು,” ಎಂದಳು ರಿಫ್ಕಾ, ಯೋಚನೆಯನ್ನೇ ಮಾಡದೆ.

“ಅಲ್ಲಿ ಎಲ್ಲಿದೆ ಜಾಗ? ಆ ಡಬ್ಬದ ಪೊಲೀಸಪ್ಪನ ತಲೆ ಮೇಲೆ ಕೂರಿಸ್ಲಾ ಜನಾನ?”

“ಒಂದಿಷ್ಟು ಸರಿಸಿ ಮಾಡ್ಕೊಳ್ಳಿ. ಅವನು ಮಾಡಿದ ಜಾಗ ಅದು. ಅಲ್ಲೇ ಕೂರ್ಲಿ ಜನ.”

ಸಿದ್ರಾಕ್ ಕಣ್ಣೊರೆಸಿಕೊಂಡ. “ಸರಿಯಾಗಿ ಹೇಳಿದ್ರಿ. ಅಣ್ಣನಿಗೆ ಮರ್ಯಾದೆ ಆಗುತ್ತೆ.” ಸೊಸೆಯನ್ನು ಕರೆದ. “ನಾದ್ಯಾ, ನೀನು ಸ್ಮಶಾನಕ್ಕೆ ಬರ್ಬೇಡ. ನಾಲ್ಕು ಜನ ಕರ್ಕೊಂಡು ಹೋಗಿ ತೋಟದಲ್ಲಿ ಜಾಗ ಮಾಡು, ಗುಡ್ಸು, ಕಾಫಿಗೆ ಒಲೆ ಹೂಡು.”

“ನೀವು ಚಿಂತೆ ಬಿಡಿ ದೊಡ್ಡತ್ತೆ, ನಾವೆಲ್ಲ ಇಲ್ವಾ,” ಎಂದು ನಾದ್ಯಾ ರಿಫ್ಕಾಳ ಕೈ ಒತ್ತಿದಳು. ಒಳ್ಳೆಯ ಹುಡುಗಿ. ಲಬೀಬ್ ಹಾಸಿಗೆ ಹಿಡಿದಾಗ ದಿನವೂ ಗಂಜಿ ತಂದು ಕುಡಿಸಿದ್ದವಳು ಅವಳೇ.

ತೋಟದ ಪಿಂಗಾಣಿ ಹುಡುಗಿಯ ತಂಟೆಗೆ ಹೋಗಬೇಡ ಎನ್ನುವ ಮಾತು ರಿಫ್ಕಾಳ ನಾಲಿಗೆಯ ತನಕ ಬಂತು. ಹೇಳಿದರೆ ಯಾಕೆ ಅಂತ ಕೇಳುತ್ತಾರೆ. ಅಷ್ಟರಲ್ಲಿ ಗಾಡಿ ಹಾರ್ನ್ ಹೊಡೆಯಿತು, ಯಾರೋ ತೋಳು ಹಿಡಿದು ಅವಳನ್ನು ಹತ್ತಿಸಿದರು.

*

ಯೂಸ್ತಿನಾ ಸತ್ತದ್ದು ಸೂಜಿಯಿಂದ. ಯಾವುದೋ ಆಸ್ಪತ್ರೆಯ ಕಸ ಮನೆಗಳ ಕಸದ ಜೊತೆ ಸೇರಿ ಬಂದಿತ್ತು, ತಾಯಿಯ ಪಕ್ಕ ಕೂತು ಬಾಟಲಿ ಆರಿಸುತ್ತಿದ್ದ ಹುಡುಗಿಯ ಹೆಬ್ಬೆರಳಿಗೆ ಚುಚ್ಚಿತು. ಬಾಯಲ್ಲಿ ಬೆರಳಿಟ್ಟು ಚೀಪಿ ಅವಳು ಮತ್ತೆ ಕೆಲಸಕ್ಕೆ ಕೈ ಹಾಕಿದಳು. ಆಮೇಲೆ ಕಾಮಾಲೆ ಬಂತು, ಕಣ್ಣು ಹಳದಿಯಾಯಿತು, ಹೊಟ್ಟೆ ಉಬ್ಬಿತು. ಹಾಲುಹಲ್ಲು ಪೂರ್ತಿ ಬಿದ್ದಿರಲಿಲ್ಲ ಅವಳಿಗೆ. ಫೋಟೋ ಒಂದನ್ನೂ ತೆಗೆಸಿರಲಿಲ್ಲ. ಮನೆತನದ ಗೋರಿಯೊಳಗೆ ಅಜ್ಜ ಅಜ್ಜಿಯರ ಪಕ್ಕದಲ್ಲಿ ಅವಳನ್ನು ಮಲಗಿಸಿ ಬಂದರು. ಅವಳದೇ ಅಂತ ಒಂದು ಕಲ್ಲೂ ಇರಲಿಲ್ಲ.

ಆ ವರ್ಷವೇ ಲಬೀಬ್ ಬೆಟ್ಟದ ಬದಿಯಲ್ಲಿ ಕಲ್ಲು ಕಡಿದು ಬಿಟ್ಟಿದ್ದ ಬಯಲಿಗೆ ಹೋಗತೊಡಗಿದ. ಕತ್ತೆಗಾಡಿ ಬಿಚ್ಚಿದ ಮೇಲೆ ತಂತಿಯ ಸುರುಳಿ, ಒಂದು ಇಕ್ಕಳ, ಚೀಲದಲ್ಲಿ ಒಡೆದ ಸಾಮಾನು. ರಿಫ್ಕಾ ಬಾಯಿಗೆ ಬಂದಂತೆ ಬೈದಳು. ನನ್ನ ರಾಶಿಯಿಂದ ಕದ್ದುಕೊಂಡು ಹೋಗ್ತೀಯಾ, ನಿನಗೆ ಬುದ್ಧಿ ಕೆಟ್ಟಿದೆ, ಅಂದಳು. ಕೊನೆಗೊಂದು ದಿನ ಜಗಳ ಆಡಲೆಂದೇ ಅಲ್ಲಿಗೆ ಹೋದಳು.

ಅಲ್ಲಿ ಒಬ್ಬಳು ಹುಡುಗಿ ನಿಂತಿದ್ದಳು. ನೀಲಿ ಅಂಚಿನ ತಟ್ಟೆ ಚೂರುಗಳ ಲಂಗ, ತಾಮ್ರದ ತಂತಿಯ ಜಡೆ, ಕೈಗಳ ಜಾಗದಲ್ಲಿ ಎರಡು ಟೀ ಚಮಚ. ಮುಖಕ್ಕೆ ಒಂದು ಬಿಳೀ ಸಾಸರ್. ಅದರಲ್ಲಿ ಕಣ್ಣಿಲ್ಲ, ಮೂಗಿಲ್ಲ.

“ಮುಖ ಯಾಕೆ ಬರೆದಿಲ್ಲ?” ಎಂದಳು ರಿಫ್ಕಾ. ಜಗಳ ಮರೆತೇ ಹೋಗಿತ್ತು.

“ನೆನಪಾಗ್ತಿಲ್ಲ ಕಣೇ,” ಎಂದ ಲಬೀಬ್. “ನಿನಗೆ ನೆನಪಿದ್ರೆ ಹೇಳು, ಬರೀತೀನಿ.”

ರಿಫ್ಕಾ ಹೇಳಲು ಹೋದಳು. ಮೂಗು ಹೀಗಿತ್ತು, ಎಂದಳು. ಅಲ್ಲ, ಹಾಗಲ್ಲ, ಎಂದಳು. ಆಮೇಲೆ ನೆಲದ ಮೇಲೆ ಕೂತು ಅತ್ತಳು. ಸಾಸರ್ ಬಿಳಿಯಾಗಿಯೇ ಉಳಿಯಿತು.

“ಇದು ಅವಳು ಅಂತ ಯಾರಿಗೂ ಹೇಳೋದು ಬೇಡ,” ಎಂದ ಲಬೀಬ್. “ಹೇಳಿದ್ರೆ ಜನ ಇಲ್ಲಿಗೆ ಅಳೋಕೆ ಬರ್ತಾರೆ. ಅವಳ ಹತ್ರ ಮಕ್ಕಳು ಬರ್ಲಿ.”

ಮಕ್ಕಳು ಬಂದರು. ಅವಳು ಒಬ್ಬಳೇ ಆಗಬಾರದು ಎಂದು ಲಬೀಬ್ ಉಳಿದದ್ದನ್ನೆಲ್ಲ ಮಾಡಿದ. ಹಸಿರು ಬಾಟಲಿಗಳ ಖರ್ಜೂರದ ಮರ, ಟೈರಿನ ಒಂಟೆ, ಪಾತ್ರೆ ಪಡಗಗಳ ವಾದ್ಯದವರು, ಎದೆ ತುಂಬ ಸೋಡಾ ಮುಚ್ಚಳದ ಪದಕ ತೊಟ್ಟ ಎಣ್ಣೆ ಡಬ್ಬದ ಪೊಲೀಸಪ್ಪ. ಓಣಿಯವರು ಅದನ್ನು ಲಬೀಬನ ತೋಟ ಎಂದರು. ಬಾಗಿಲಿಲ್ಲ, ಬೇಲಿಯಿಲ್ಲ, ಯಾರು ಬೇಕಾದರೂ ಬರಬಹುದು. ದಾರಿಯಲ್ಲಿ ಹೋಗುವ ಗಂಡಸರು ಪೊಲೀಸಪ್ಪನಿಗೆ ಸಲಾಂ ಹೊಡೆದು, ಲಂಚ ಎಷ್ಟಪ್ಪ ಇವತ್ತು ಎಂದು ಕೇಳಿ ನಗುತ್ತಿದ್ದರು. ರಿಫ್ಕಾ ಪ್ರತಿ ಭಾನುವಾರ ಪೂಜೆ ಮುಗಿಸಿ ಬಂದು ಪಿಂಗಾಣಿ ಹುಡುಗಿಯ ಸಾಸರನ್ನು ತಲೆವಸ್ತ್ರದ ತುದಿಯಿಂದ ಒರೆಸುತ್ತಿದ್ದಳು. ನೋಡಿದವರು, ಈ ಹೆಂಗಸಿಗೆ ಧೂಳು ಕಂಡರೆ ಆಗಲ್ಲ ಅಂದುಕೊಂಡರು.

*

ಹಳೇ ಕೈರೋದ ಸ್ಮಶಾನದಲ್ಲಿ ಗೋರಿಯ ಬಾಗಿಲು ತೆಗೆದರು. ಇಗರ್ಜಿಯ ಪಾದ್ರಿ, ಅಬೂನಾ, ಪ್ರಾರ್ಥನೆ ಹೇಳುತ್ತಾ ಧೂಪ ಬೀಸಿದರು. ಒಳಗೆ ಇಳಿದವನು ಮೂಲೆಯಲ್ಲಿದ್ದ ಹಳೆಯ ಎಲುಬುಗಳನ್ನು ಒತ್ತಟ್ಟಿಗೆ ಸರಿಸಿ ಜಾಗ ಮಾಡಿದ. ರಿಫ್ಕಾ ಕಣ್ಣು ಮುಚ್ಚಿಕೊಂಡಳು.

“ಒಳ್ಳೇ ಜೀವ,” ಎಂದರು ಅಬೂನಾ. “ಒಬ್ಬರಿಗೂ ಕೆಟ್ಟದ್ದು ಬಯಸಲಿಲ್ಲ.”

“ಒಬ್ಬರ ಮಾತೂ ಕೇಳ್ಲಿಲ್ಲ ಅಬೂನಾ,” ಎಂದ ಸಿದ್ರಾಕ್, ಅಳುತ್ತಲೇ. “ಸಿಮೆಂಟ್ ಹಾಕೋ, ಗಟ್ಟಿ ನಿಲ್ಲುತ್ತೆ ಅಂತ ಬಡ್ಕೊಂಡೆ. ನಾನೇ ಮೂಟೆ ಕೊಡಿಸ್ತೀನಿ ಅಂದೆ. ಕಿವಿಗೇ ಹಾಕ್ಕೊಳ್ಲಿಲ್ಲ.”

*

ಸಿಮೆಂಟ್ ಬೇಡ ಅಂದದ್ದಕ್ಕೆ ರಿಫ್ಕಾಳೂ ಅವನನ್ನು ಗೇಲಿ ಮಾಡಿದ್ದಳು. ಎಲ್ಲವನ್ನೂ ಅವನು ತಂತಿಯಲ್ಲೇ ಬಿಗಿಯುತ್ತಿದ್ದ. ಗಾಳಿ ಬೀಸಿದರೆ ತೋಟವೆಲ್ಲ ಗಲಗಲ ಅನ್ನುತ್ತಿತ್ತು. ಚಳಿಗಾಲ ಬಂತೆಂದರೆ ಪ್ರತಿಯೊಂದು ಗಂಟನ್ನೂ ಮತ್ತೆ ಬಿಗಿಮಾಡಬೇಕಿತ್ತು.

“ಸಿಮೆಂಟ್ ಹಾಕಿದ್ರೆ ಆಮೇಲೆ ಬೇರೆ ಮಾಡೋದು ಹೇಗೆ?” ಎನ್ನುತ್ತಿದ್ದ ಲಬೀಬ್.

“ಬೇರೆ ಯಾಕೆ ಮಾಡ್ತೀಯ, ಪುಣ್ಯಾತ್ಮ?”

“ಮಾಡ್ತೀನಿ ಅಂತಲ್ಲ. ಗಾಜಿಗೆ ಸಿಮೆಂಟ್ ಹತ್ತಿದ್ರೆ ಅದು ಗಾಜಲ್ಲ, ಸಿಮೆಂಟೂ ಅಲ್ಲ. ಯಾರಿಗೂ ಬೇಡದ ಕಸ. ಅಂಥದ್ದು ನನ್ನ ಕೈಯಿಂದ ಆಗಲ್ಲ ರಿಫ್ಕಾ.”

ಅದು ಅವನ ಕುಲಕಸುಬಿನ ಮರ್ಯಾದೆ. ಓಣಿಯಲ್ಲಿ ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಿದ್ದರು. ಬೆರೆಸಿದವನು ಕೆಟ್ಟವನು, ಬೇರ್ಪಡಿಸಿದವನು ಒಳ್ಳೆಯವನು.

ಕೊನೆಯ ದಿನಗಳಲ್ಲಿ ಅವನ ಕಣ್ಣುಗಳೂ ಹಳದಿಯಾಗಿದ್ದವು. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದವನು ಒಮ್ಮೆ ತಿರುಗಿ, “ಅವಳ ಗಂಟು ಬಿಗಿ ಮಾಡಿಲ್ಲ ಈ ಸಲ,” ಎಂದ.

“ನಾನು ಮಾಡ್ತೀನಿ.”

“ಎಡಗೈ ಚಮಚ ಅಲುಗ್ತಿದೆ. ನೋಡ್ಕೋ. ಒಬ್ಬಳನ್ನೇ ಬಿಡಬೇಡ ಅವಳನ್ನ.”

“ಬಿಡಲ್ಲ,” ಎಂದಳು ರಿಫ್ಕಾ. ಅವನ ಇಕ್ಕಳವನ್ನು ದಿಂಬಿನ ಕೆಳಗಿಂದ ತೆಗೆದು ತನ್ನ ಜೇಬಿಗೆ ಹಾಕಿಕೊಂಡಳು. ಇವತ್ತೂ ಅದು ಕಪ್ಪು ನಿಲುವಂಗಿಯ ಜೇಬಿನಲ್ಲೇ ಇತ್ತು. ಜನರೆಲ್ಲ ಎದ್ದು ಹೋದ ಮೇಲೆ ಆ ಚಮಚ ಬಿಗಿಯಬೇಕು ಎಂದು ಬೆಳಿಗ್ಗೆಯೇ ಅಂದುಕೊಂಡಿದ್ದಳು.

*

ಗಾಡಿ ಬೆಟ್ಟದ ಬುಡಕ್ಕೆ ಬಂದಾಗ ಹೊತ್ತು ಇಳಿದಿತ್ತು. ರಿಫ್ಕಾ ಮೊದಲು ಕಂಡದ್ದು ಕುರ್ಚಿಗಳನ್ನು. ಗುಡಿಸಿ ನೀರು ಚಿಮುಕಿಸಿದ ನೆಲದ ಮೇಲೆ ಸಾಲಾಗಿ ಹಾಕಿದ್ದರು. ಬಯಲು ಇಷ್ಟು ದೊಡ್ಡದಿದೆಯೆಂದು ಅವಳಿಗೆ ಗೊತ್ತೇ ಇರಲಿಲ್ಲ. ತಪ್ಪು ಜಾಗಕ್ಕೆ ಬಂದೆವೇನೋ ಅಂದುಕೊಂಡಳು.

ಆಮೇಲೆ ಬಂಡೆಗೆ ಒರಗಿಸಿಟ್ಟ ಚೀಲಗಳು ಕಂಡವು. ಬಿಳೀ ಪ್ಲಾಸ್ಟಿಕ್ ಒಂದರಲ್ಲಿ, ಬಣ್ಣದ್ದು ಇನ್ನೊಂದರಲ್ಲಿ. ಹಸಿರು ಗಾಜು ಬೇರೆ, ಕಂದು ಗಾಜು ಬೇರೆ. ಡಬ್ಬಗಳನ್ನು ತುಳಿದು ಚಪ್ಪಟೆ ಮಾಡಿ ಅಡುಕಿದ್ದರು, ಮೇಲಿನ ಡಬ್ಬದಲ್ಲಿ ಪೊಲೀಸಪ್ಪನ ಮೀಸೆ ಕಾಣುತ್ತಿತ್ತು. ತಾಮ್ರದ ತಂತಿಯನ್ನು ಚೆಂಡು ಮಾಡಿ ಕಟ್ಟಿದ್ದರು.

ನಾದ್ಯಾ ಓಡಿ ಬಂದಳು. ಕೈ ತುಂಬ ಗೀರು, ಮುಖದಲ್ಲಿ ಬೆವರು.

“ಮುಗೀತು ದೊಡ್ಡತ್ತೆ. ಪೊಲೀಸಪ್ಪನ್ನ ಒಂಚೂರು ಸರಿಸೋಣ ಅಂತ ಹೋದ್ವಿ, ಅವನು ಮರದ ಮೇಲೆ ಬಿದ್ದ, ಮರ ಒಂಟೆ ಮೇಲೆ ಬಿತ್ತು. ಎಲ್ಲಾ ಬೆರೆತುಹೋಯ್ತು. ಮನೆ ರಾಶಿ ಮುಗಿಸಿ ಹೆಂಗಸರೂ ಬಂದಿದ್ರು. ದೊಡ್ಡಮಾವನ ರಾಶಿ ಅಲ್ವಾ ಇದೂನು, ಯಾಕೆ ಉಳಿಸೋದು ಅಂದ್ರು. ಹಾಗಂದ್ಮೇಲೆ ಯಾರೂ ಸುಮ್ನೆ ಕೂರ್ಲಿಲ್ಲ. ಒಂದು ಚೂರು ದಂಡ ಆಗಿಲ್ಲ ನೋಡಿ.”

ಸಿದ್ರಾಕ್ ಚೀಲದೊಳಗೆ ಕೈ ಹಾಕಿ ನೋಡಿದ, ಇನ್ನೊಂದರಲ್ಲಿ ನೋಡಿದ. “ಸಿಮೆಂಟ್ ಹತ್ತಿದ್ದು ಒಂದೂ ಇಲ್ಲ,” ಎಂದ ಮೆಲ್ಲಗೆ. “ಎಂಥ ಕೈ ಅಣ್ಣಂದು.” ಆಮೇಲೆ ಅತ್ತಿಗೆಯ ಕಡೆ ತಿರುಗಿ ಬಿಕ್ಕಿದ. “ಬಿಡುವಾಯ್ತು ಅತ್ತಿಗೆ ಅವನಿಗೆ. ಏನೂ ಉಳೀಲಿಲ್ಲ.”

ರಿಫ್ಕಾ ಪಿಂಗಾಣಿಯ ಚೀಲದ ಮುಂದೆ ಮಂಡಿಯೂರಿ ಕುಳಿತು ಎರಡೂ ಕೈ ಒಳಗೆ ಹಾಕಿದಳು. ನೀಲಿ ಅಂಚಿನ ಚೂರುಗಳು ಸಿಕ್ಕವು, ಹಸಿರು ಅಂಚಿನವು, ಹೂವಿನವು. ಸಾಸರ್‌ಗಳು ಒಂದರೊಳಗೊಂದು ಕೂತಿದ್ದವು. ವಾದ್ಯದವರ ತಾಳಗಳೂ ಸಾಸರೇ, ಒಂಟೆಯ ಕಣ್ಣೂ ಸಾಸರೇ. ಒಂದನ್ನು ತೆಗೆದು ತಲೆವಸ್ತ್ರದ ತುದಿಯಿಂದ ಒರೆಸಿದಳು, ನೋಡಿದಳು, ಪಕ್ಕಕ್ಕಿಟ್ಟು ಇನ್ನೊಂದನ್ನು ತೆಗೆದಳು.

“ಏನು ಹುಡುಕ್ತೀರಿ ದೊಡ್ಡತ್ತೆ?” ನಾದ್ಯಾ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು. “ನಾನೂ ಹುಡುಕ್ಲಾ?”

ರಿಫ್ಕಾ ಅವಳ ಗೀರುಬಿದ್ದ ಕೈಗಳನ್ನು ನೋಡಿದಳು. ಹೇಳಿದರೆ ಈ ಹುಡುಗಿ ಬದುಕಿರುವ ತನಕ ನೆಮ್ಮದಿಯಾಗಿ ಒಂದು ತುತ್ತು ಉಣ್ಣಲಾರಳು.

“ಒಂದು ತಟ್ಟೆ,” ಎಂದಳು.

“ಯಾವುದು?”

“ಬಿಳೀದು.”

“ಎಲ್ಲಾ ಬಿಳೀದೇ ಅಲ್ವಾ ದೊಡ್ಡತ್ತೆ.” ನಾದ್ಯಾ ಅಡಿಯಿಂದ ಒಂದನ್ನು ಎತ್ತಿ, ಬೆಳಕಿಗೆ ಹಿಡಿದು, ನಿಲುವಂಗಿಯ ಅಂಚಿಗೆ ತಿಕ್ಕಿ ಅವಳ ಮಡಿಲಲ್ಲಿ ಇಟ್ಟಳು. “ಇದನ್ನ ಇಟ್ಕೊಳ್ಳಿ. ಬಿರುಕೇ ಇಲ್ಲ ಇದ್ರಲ್ಲಿ.”

ಜನ ಬರತೊಡಗಿದ್ದರು. ಸಕ್ಕರೆಯಿಲ್ಲದ ಕಾಫಿಯ ವಾಸನೆ ಬಯಲಿನ ತುಂಬ ಹರಡಿತು. “ನಿಮ್ಮ ಆಯುಸ್ಸಲ್ಲಿ ಅವನ ನೆನಪು ಉಳೀಲಿ, ಯೂಸ್ತಿನಾಳ ತಾಯಿ,” ಎಂದು ಒಬ್ಬೊಬ್ಬರೂ ಹೇಳಿ ಹೋಗಿ ಕುರ್ಚಿ ಹಿಡಿದರು. ರಿಫ್ಕಾ ತಲೆಯಾಡಿಸುತ್ತಾ ಹುಡುಕುತ್ತಲೇ ಇದ್ದಳು.

ಪಿಂಗಾಣಿ ಚೂರುಗಳ ನಡುವೆ ಅವಳ ಬೆರಳಿಗೆ ಒಂದು ಚಮಚ ತಗುಲಿತು. ಯಾರೋ ಅವಸರದಲ್ಲಿ ತಪ್ಪಾಗಿ ಹಾಕಿದ್ದರು. ಹುಟ್ಟಿದಾಗಿನಿಂದ ಈ ಕೆಲಸ ಮಾಡಿದ ಕೈ ಅದು, ಅವಳನ್ನು ಕೇಳಲಿಲ್ಲ. ಚಮಚವನ್ನು ಎತ್ತಿ, ನೋಡದೆ, ಎಡಗಡೆಯ ಸ್ಟೀಲಿನ ಚೀಲಕ್ಕೆ ಎಸೆಯಿತು. ಠಣ್ ಎಂದಿತು.

ಎಸೆದ ಮೇಲೆ ಬೆರಳಿಗೆ ನೆನಪಾಯಿತು, ಅದರ ಹಿಡಿಯಲ್ಲಿ ಸಡಿಲವಾದ ತಂತಿಯ ಎರಡು ಸುತ್ತು ಇತ್ತು.

ರಿಫ್ಕಾ ಮಂಡಿಯಲ್ಲೇ ಸರಿದು ಆ ಚೀಲದೊಳಗೆ ಬಗ್ಗಿದಳು. ಚಮಚಗಳೇ ಚಮಚಗಳು. ಖರ್ಜೂರದ ಗರಿಗಳಾಗಿದ್ದವು, ವಾದ್ಯದವರ ಬೆರಳುಗಳಾಗಿದ್ದವು, ಪೊಲೀಸಪ್ಪನ ಗುಂಡಿಗಳಾಗಿದ್ದವು, ತಂತಿಯ ತುಂಡು ಅಂಟಿಕೊಂಡವು ಹಲವು. ಎಲ್ಲವೂ ಒಂದೇ ಸಮ ಹೊಳೆಯುತ್ತಿದ್ದವು.

“ತುಂಬಿದೆ ಅತ್ತಿಗೆ ಅದು, ಕಟ್ಟಿಬಿಡ್ಲಾ?” ಹಗ್ಗ ಹಿಡಿದು ನಿಂತಿದ್ದ ಸಿದ್ರಾಕ್ ಕೇಳಿದ.

ರಿಫ್ಕಾ ಚೀಲದ ಬಾಯಿಯನ್ನು ಎರಡೂ ಕೈಯಿಂದ ಒಟ್ಟುಗೂಡಿಸಿ, ತಿರುಚಿ, ಅವನು ಗಂಟು ಹಾಕಲೆಂದು ಬಿಗಿಯಾಗಿ ಹಿಡಿದುಕೊಂಡಳು.