ಉಪೇಂದ್ರರ ಎಡಗಣ್ಣು ಓದಬೇಕಾದ ಸಾಲು

೧
ಈ ಕಥೆಯನ್ನು ಕಣ್ಣಿನಿಂದ ಶುರುಮಾಡಲೋ, ರಕ್ತದಿಂದಲೋ? ರಕ್ತ ಅಂದರೆ ನೀವು ಕೊಲೆಯ ಕಥೆ ಅಂದುಕೊಂಡು ಹುರುಪಿನಿಂದ ಕೂತುಬಿಡುತ್ತೀರಿ. ಇಲ್ಲಿರುವುದು ಲ್ಯಾಬಿನವರು ತೆಗೆದ ಐದು ಎಂಎಲ್ ಮಾತ್ರ. ಹಾಗಾಗಿ ಕಣ್ಣೇ ಇರಲಿ.

ಮೈಸೂರಿನ ಉಪೇಂದ್ರರಿಗೆ ಐವತ್ತಾರು. ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ ಕಸ್ಟಮ್ಸ್ ನೌಕರಿ, ಕಂಟೇನರುಗಳ ಎಕ್ಸ್‌ರೇ ನೋಡುವ ಕೆಲಸ. ಒಂದು ಬೆಳಿಗ್ಗೆ ಎಡಗಣ್ಣಿಗೆ ಮಂಜು ಕವಿಯಿತು. (ಮೊದಲ ಡ್ರಾಫ್ಟಿನಲ್ಲಿ ಇಲ್ಲೊಂದು ಸೂರ್ಯೋದಯವಿತ್ತು. ನಾಚಿಕೆಯಾಗಿ ಹೊಡೆದುಹಾಕಿದೆ.) ಬಾಯಿಬಿಟ್ಟರೆ ಸ್ಕ್ರೀನ್ ಬಿಡಿಸಿ ಫೈಲುಗಳ ಮುಂದೆ ಕೂರಿಸುತ್ತಾರೆಂಬ ಹೆದರಿಕೆ. ಆಫೀಸಿನವರು ಕಣ್ಣು ಪರೀಕ್ಷೆಗೆ ಕಳಿಸಿದ ಕನ್ನಡಕದಂಗಡಿಯಲ್ಲಿ, ಬಲಗಣ್ಣು ಓದಿದ ಚಾರ್ಟಿನ ಇಂಗ್ಲಿಷ್ ಅಕ್ಷರಗಳನ್ನು ಬಾಯಿಪಾಠ ಮಾಡಿಕೊಂಡು, ಎಡಗಣ್ಣಿನ ಸರದಿಯಲ್ಲಿ ಗಡಗಡ ಒಪ್ಪಿಸಿದರು. ಮೂರು ವಾರ ಹೀಗೇ ಕಳೆಯಿತು.

೨
ಮಗಳು ಸಂಹಿತಾಗೆ ತಿರುವನಂತಪುರದಲ್ಲಿ ಐಟಿ ಕೆಲಸ. ಅವಳ ಮನೆಗೆ ಬಂದ ಅಪ್ಪ ಚಹಾವನ್ನು ಲೋಟದ ಹೊರಗೆ ಸುರಿದದ್ದು ಕಂಡು ಆಸ್ಪತ್ರೆಗೆ ಎಳೆದೊಯ್ದಳು. ಉಪೇಂದ್ರ ನಿರಾಳವಾಗಿದ್ದರು, ಚಾರ್ಟು ಬಾಯಲ್ಲೇ ಇತ್ತಲ್ಲ.

“ವಾಯಿಕ್ಕೂ ಸಾರ್,” ಎಂದರು ನರ್ಸ್ ಮೇರಿ, ಓದಿ ಅಂತ.

ಗೋಡೆಯ ಮೇಲಿದ್ದದ್ದು ಮಲಯಾಳಂ ಚಾರ್ಟು! ಕೇರಳದಲ್ಲಿ ಇಪ್ಪತ್ತೆರಡು ವರ್ಷ ಬಸ್ಸಿನ ಬೋರ್ಡನ್ನು ಪಕ್ಕದವರಿಂದ ಓದಿಸಿಕೊಂಡೇ ಕಾಲ ಹಾಕಿದ ಮನುಷ್ಯ. ಎರಡೂ ಕಣ್ಣಿಗೆ ಒಂದಕ್ಷರ ಬರಲಿಲ್ಲ. ಮೇರಿ ಗಾಬರಿಯಾದರು.

“ಅಪ್ಪಾ, ಸತ್ಯಂ ಪರಯೂ,” ಎಂದಳು ಸಂಹಿತಾ, ನಿಜ ಹೇಳಿ ಅಂತ. ಕೇರಳದಲ್ಲೇ ಬೆಳೆದ ಅವಳಿಗೆ ಕನ್ನಡ ಅರ್ಥವಾಗುತ್ತದೆ, ನಾಲಿಗೆಗೆ ಬರುವುದು ಮಲಯಾಳಂ.

“ಬಲಗಣ್ಣಿಗೆ ಕಾಣತ್ತೆ, ಓದಕ್ಕೆ ಬರಲ್ಲ ಕಣಮ್ಮ. ಎಡಗಣ್ಣಿಗೆ... ಕಾಣೋದೇ ಇಲ್ಲ.”

(ಇಲ್ಲಿ ಅವರು ನನ್ನತ್ತ ತಿರುಗಿದರು. “ಏನ್ರೀ, ನನ್ನ ಮರ್ಯಾದೆ ತೆಗೆಯಕ್ಕೆ ಇಷ್ಟುದ್ದ ಬರೀಬೇಕಿತ್ತಾ?” ಕಣ್ಣು ಉಳೀಲಿ ಅಂತಲೇ ಬರೆದೆ ಸ್ವಾಮಿ, ಎಂದೆ.)

೪
(ಮೂರನೆಯದು ವೈದ್ಯಕೀಯ ಪಾಠವಾಗಿತ್ತು, ಹರಿದೆ.) ಸಾರಾಂಶ ಇಷ್ಟು: ಕಣ್ಣಿನ ಹಿಂಪರದೆಯ ಒಂದು ರಕ್ತನಾಳ ಕಟ್ಟಿಕೊಂಡು ಊತ ಬಂದಿದೆ. ಕಣ್ಣಿಗೇ ಇಂಜೆಕ್ಷನ್ ಕೊಡಬೇಕು, ಆಗಲೇ ತಡವಾಗಿದೆ. ರಕ್ತದಲ್ಲಿ ಸಿಆರ್‌ಪಿ ಎಂಬ ಪ್ರೋಟೀನು ಹೆಚ್ಚಿದೆ. ಮೈಯಲ್ಲೆಲ್ಲೋ ಉರಿಯೂತವಿರುವುದರ ಗುರುತು ಅದು.

ಹಾಗಾದರೆ ಬಲಗಣ್ಣೂ ಹೋಗುತ್ತದೆಯೇ ಎಂದು ಉಪೇಂದ್ರ ಇಂಗ್ಲಿಷಿನಲ್ಲಿ ಕೇಳಿದರು. ಆ ಅಂಕಿ ಭವಿಷ್ಯ ಹೇಳುವುದಿಲ್ಲ ಎಂದರು ಡಾಕ್ಟರ್ ಆಯೇಷಾ. (ನನ್ನ ಕೈಲೂ ಆಗುವುದಿಲ್ಲ.)

೫
ಅಂತ್ಯ ಒಂದು: ಮಂಜು ಸರಿಯುತ್ತದೆ, ಉಪೇಂದ್ರ ಸ್ಕ್ರೀನಿನ ಮುಂದೆ ಕೂರುತ್ತಾರೆ. ಅಂತ್ಯ ಎರಡು: ಸರಿಯುವುದಿಲ್ಲ. ಮೊದಲನೆಯದನ್ನು ನಂಬಲಾರೆ, ಎರಡನೆಯದನ್ನು ಬರೆಯಲಾರೆ. ಈ ಮನುಷ್ಯನ ಮೇಲೆ ನನಗೆ ಪ್ರೀತಿ ಬಂದುಬಿಟ್ಟಿದೆ.

ಗೊತ್ತಿರುವುದನ್ನಷ್ಟೇ ಹೇಳುತ್ತೇನೆ. ತಿಂಗಳಾದ ಮೇಲೆ, ಎರಡನೆಯ ಇಂಜೆಕ್ಷನ್ನಿನ ದಿನ, ಸಂಹಿತಾ ಅಪ್ಪನ ಕೈಯಿಂದಲೇ ಅವರ ಬಲಗಣ್ಣು ಮುಚ್ಚಿಸಿ, ದೂರ ನಿಂತು ಒಂದು ಹಾಳೆ ಎತ್ತಿ ಹಿಡಿದಳು. ಫೋನು ನೋಡಿ ಕಲಿತ ಡೊಂಕು ಕನ್ನಡ ಅಕ್ಷರ. ಬಾಯಿಪಾಠ ಮಾಡಲು ಅವರಿಗೆ ಅವಕಾಶವೇ ಸಿಗದ ಸಾಲು: ‘ಅಪ್ಪ ಸುಳ್ಳು ಹೇಳಬೇಡಿ.’

“ಓದಿ ಅಪ್ಪಾ,” ಎಂದಳು, ಕನ್ನಡದಲ್ಲೇ.

ಉಪೇಂದ್ರ ಬಹಳ ಹೊತ್ತು ನೋಡಿದರು.

“ಅಪ್ಪ ಅಂತಿದೆ. ಮುಂದಿಂದು ಕಾಣ್ತಿಲ್ಲ ಮಗಳೇ.”

‘ಅಪ್ಪ’ ಕಂಡಿತೋ, ಊಹಿಸಿದರೋ? ನನ್ನನ್ನು ಕೇಳಬೇಡಿ. ಹಾಳೆಯನ್ನು ಇಳಿಸದೆ, ಸಂಹಿತಾ ಒಂದು ಹೆಜ್ಜೆ ಹತ್ತಿರ ಬರುತ್ತಿದ್ದಾಳೆ.