ಜೀರುಂಡೆ ಸುಮ್ಮನಾದ ದಿನ

ಅಂಕಿ ಕಂಡ ಕೂಡಲೇ ನೆರಿಡಾಳಿಗೆ ಮೈಯೆಲ್ಲ ಉರಿಯಿತು. ಸಿಡ್ನಿಯ ಪಶ್ಚಿಮದ ಹೆದ್ದಾರಿಯನ್ನು ಅಗಲ ಮಾಡುವವರಿದ್ದರು; ಅದರ ಸದ್ದನ್ನು ಅಳೆಯುವುದು ಅವಳ ಕಚೇರಿಯ ಕೆಲಸ. ಈಗಿನದಕ್ಕಿಂತ ಮುಂದಿನ ಸದ್ದು ಬಹಳ ಹೆಚ್ಚುತ್ತದೆಂದು ಲೆಕ್ಕ ತೋರಿಸಿದರಷ್ಟೇ ಪಕ್ಕದ ಮನೆಗಳಿಗೆ ತಡೆಗೋಡೆ. ಅಳೆಯಲು ಹೋದವರ ಬುದ್ಧಿಗೆ ಏನು ಹೇಳೋಣ! ಡಿಸೆಂಬರಿನ ಸುಡುಬಿಸಿಲಲ್ಲಿ, ಮರಮರದಲ್ಲೂ ಜೀರುಂಡೆ ಕಿವಿ ಹರಿಯುವಂತೆ ಕಿರುಚುವಾಗ ಹೋಗಿದ್ದರು. ಮಾಪಕಕ್ಕೆ ಲಾರಿಯೇನು, ಹುಳುವೇನು? ಎಲ್ಲ ಕೂಡಿಸಿ, ಈಗಲೇ ಇಲ್ಲಿ ಬೇಕಾದಷ್ಟು ಗದ್ದಲವಿದೆ ಎಂದುಬಿಟ್ಟಿತ್ತು. ಹಾಗಾದರೆ ಹೊಸ ರಸ್ತೆಯಿಂದ ಹೆಚ್ಚುವುದೇನೂ ಇಲ್ಲ, ಗೋಡೆಯೂ ಇಲ್ಲ.

"ಶುಕ್ರವಾರ ವರದಿ ಹೋಗ್ಬೇಕು," ಎಂದ ಮೇಲಧಿಕಾರಿ ಡಾರಾ. "ಬಾಯಿ ಮುಚ್ಕೊಂಡಿರಿ ಅಂತ ಹುಳಕ್ಕೆ ನೋಟಿಸ್ ಕೊಡ್ತೀಯಾ?"

"ಮತ್ತೆ ಅಳೀತೀನಿ."

"ಮುಂದಿನ ವಾರ ಶಾಲೆಗೆ ರಜ. ರಸ್ತೇಲಿ ಗಾಡೀನೇ ಇರಲ್ಲ, ಆ ಅಂಕಿ ಯಾರೂ ಒಪ್ಪಲ್ಲ."

"ಅದಕ್ಕೇ ಈ ವಾರಾನೇ ಅಳೀತೀನಿ."

ಮಳೆ ಬಂದರೆ ಹುಳು ಸುಮ್ಮನಾಗುತ್ತದೆ, ಆದರೆ ಒದ್ದೆ ರಸ್ತೆಯ ಸದ್ದು ಲೆಕ್ಕಕ್ಕೆ ಬಾರದು. ಗಾಳಿ ಜೋರಾದರೂ ಅಳತೆ ಕೆಡುತ್ತದೆ. ನೆರಿಡಾ ಪಟ್ಟು ಬಿಡದೆ ಕಾದಳು. ಬುಧವಾರ ಸಂಜೆ ದಕ್ಷಿಣದ ಗಾಳಿ ಧಡಾರನೆ ನುಗ್ಗಿ ಊರನ್ನೆಲ್ಲ ತಂಪು ಮಾಡಿತು. ಗುರುವಾರ ಬೆಳಿಗ್ಗೆ ಗಾಳಿ ನಿಂತಿತ್ತು, ಮೋಡ ಕವಿದಿತ್ತು, ರಸ್ತೆ ಒಣಗಿತ್ತು. ತಂಪಿಗೆ ಜೀರುಂಡೆಗಳು ಸುಮ್ಮನಾಗಿ, ಮರಗಳಲ್ಲಿ ಪಿಟ್ಟೆನ್ನುವ ಸದ್ದಿಲ್ಲ. ಅವಳು ಮಾಪಕ ಹೊತ್ತು ಹೆದ್ದಾರಿ ಪಕ್ಕದ ಸೆಫೀನಾಳ ಮನೆಗೆ ಓಡಿದಳು.

ಸಮೋವಾ ದ್ವೀಪದ ಸೆಫೀನಾ ರಾತ್ರಿ ಪಾಳಿಯ ನರ್ಸು. ಹಗಲು ಮಲಗೋಣವೆಂದರೆ ಹೆದ್ದಾರಿಯ ಲಾರಿಗಳು ಬಿಡಬೇಕಲ್ಲ! ಹೋದ ತಿಂಗಳು ನಿದ್ದೆಗಣ್ಣಲ್ಲಿ ರೋಗಿಯೊಬ್ಬನಿಗೆ ತಪ್ಪು ಮಾತ್ರೆ ಕೊಡಹೋಗಿ, ಕೊನೆಯ ಗಳಿಗೆಯಲ್ಲಿ ಕೈ ಹಿಂದೆಗೆದಿದ್ದಳು. ಗೋಡೆ ಬರದಿದ್ದರೆ ಕೆಲಸ ಬಿಡುವುದೆಂದು ಅಂದೇ ತೀರ್ಮಾನಿಸಿದ್ದಳು.

"ಒಳಗೆ ಹೋಗಿ ಮಲ್ಕೊಳ್ಳಿ ಆಂಟಿ," ಎಂದಳು ನೆರಿಡಾ, ಮಾಪಕವನ್ನು ಜಗಲಿಯ ಮುಂದೆ ನಿಲ್ಲಿಸುತ್ತ.

"ಮಲಗಿದ್ರೆ ಆ ಪಕ್ಕದ್ಮನೆಯವ್ನು ಹುಲ್ಲು ಕತ್ತರಿಸೋ ಮಿಷನ್ ತೆಗೀತಾನೆ. ಕಾಯ್ತೀನಿ. ಇವತ್ತು ರಾತ್ರಿ ನಂಗೆ ಪಾಳಿ ಇಲ್ಲ."

ಹೇಳಿ ಮುಗಿಸುವಷ್ಟರಲ್ಲಿ ಅವನು ಮಿಷನ್ ಎಳೆದುಕೊಂಡು ಬಂದೇಬಿಟ್ಟ. ಸೆಫೀನಾ ಬೇಲಿಯ ಬಳಿ ಸೊಂಟಕ್ಕೆ ಕೈಕೊಟ್ಟು ನಿಂತಳು. "ಇವತ್ತು ಹುಲ್ಲಿಗೆ ರಜ ಕಣಪ್ಪಾ. ಒಳಗಿಡು, ಇಲ್ಲಾಂದ್ರೆ ಭಾನುವಾರ ಚರ್ಚಲ್ಲಿ ನಿನ್ನ ಹೆಸರು ಹಿಡಿದು ಪ್ರಾರ್ಥನೆ ಮಾಡಿಸ್ತೀನಿ!" ಅವನು ತೆಪ್ಪಗೆ ಹಿಂದಿರುಗಿದ.

ಮಧ್ಯಾಹ್ನದ ಹೊತ್ತಿಗೆ ಅಂಕಿಗಳು ಚೆನ್ನಾಗಿ ಕೆಳಗಿದ್ದವು. ಸಂಜೆಯವರೆಗೆ ಹೀಗೇ ನಡೆದರೆ ಗೋಡೆಯನ್ನು ಯಾರೂ ತಪ್ಪಿಸಲಾರರು. ನೆರಿಡಾಳ ಎದೆ ಹಗುರಾಯಿತು. ಅಷ್ಟರಲ್ಲಿ ಅಂಕಿ ಇದ್ದಕ್ಕಿದ್ದಂತೆ ಜಿಗಿಯತೊಡಗಿತು.

ತಿರುಗಿ ನೋಡಿದರೆ, ಜಗಲಿಯ ಕುರ್ಚಿಯಲ್ಲಿ ಸೆಫೀನಾ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಾಳೆ! ಲಾರಿಗಳು ಹಾಯುತ್ತಲೇ ಇವೆ, ಅವಳಿಗೆ ಪರಿವೆಯಿಲ್ಲ. ಎಷ್ಟು ದಿನದ ದಣಿವೋ. ಎಬ್ಬಿಸಲು ನೆರಿಡಾಳಿಗೆ ಮನಸ್ಸಾಗಲಿಲ್ಲ. ಆದರೆ ಜೀರುಂಡೆಯ ಜಾಗದಲ್ಲಿ ಈಗ ಗೊರಕೆ ಕೂತರೆ ಪಟ್ಟ ಪಾಡೆಲ್ಲ ನೀರುಪಾಲು. ಮನಸ್ಸು ಗಟ್ಟಿ ಮಾಡಿ ಭುಜ ಅಲುಗಿಸಿದಳು.

"ಲಾರೀನಾ?" ಎಂದಳು ಸೆಫೀನಾ ಬೆಚ್ಚಿ.

"ಅಲ್ಲ ಆಂಟಿ, ನೀವೇ. ಗೊರಕೆ."

ಸೆಫೀನಾ ಬಾಯಿಗೆ ಸೆರಗಿನಂತೆ ಟವೆಲ್ ಒತ್ತಿಕೊಂಡು, ಸದ್ದಾಗದಂತೆ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಮುಖ ತೊಳೆದು ಬಂದು ಬೆನ್ನು ನೆಟ್ಟಗೆ ಮಾಡಿ ಕೂತಳು.

"ಅಳೆ, ಮಗಳೇ," ಎಂದಳು ಮೆಲ್ಲಗೆ. "ಸಂಜೆವರೆಗೂ ಕಣ್ಣು ಮುಚ್ಚಲ್ಲ. ಗೋಡೆ ಕಟ್ಟಿದ ಮೇಲೆ ನನ್ನ ಗೊರಕೆ ಅಳೆಯೋಕೆ ಬಾ."