ಆರೋಗ್ಯವಂತರ ರಕ್ತ

ನನ್ನ ಗಂಡ ತಿಮ್ಮಪ್ಪ ಸರ್ಕಾರಿ ಬಸ್ಸಿನ ಡ್ರೈವರು, ಕುಮಟಾ–ಭಟ್ಕಳ ರೂಟು. ಮನೆಯಲ್ಲಿ ಯಾರ ಮಾತೂ ಕೇಳದ ಮನುಷ್ಯ, ಸ್ಟೇರಿಂಗ್ ಹಿಡಿದರೆ ಮಾತ್ರ ದೇವರಂಥವರು. ಆ ದೇವರಿಗೆ ಸೂಜಿ ಚುಚ್ಚಿದವಳು ನಾನೇ.

ನಾನು ಸಂಶೋಧನೆಯೊಂದರಲ್ಲಿ ನರ್ಸು. ಹೃದಯದ ಸ್ನಾಯುವಿಗೆ ಪೆಟ್ಟು ಬಿದ್ದಾಗ ಮೈಕ್ರೋ ಆರ್‌ಎನ್‌ಎ ಎನ್ನುವ ಅತಿ ಸಣ್ಣ ತುಣುಕುಗಳು ರಕ್ತಕ್ಕೆ ಸೋರುತ್ತವೆ. ಅವನ್ನು ಅಳೆದು ಹಾರ್ಟ್ ಅಟ್ಯಾಕನ್ನು ಬೇಗ ಹಿಡಿಯಬಹುದೇ ಎಂದು ನೋಡುವ ಕೆಲಸ. ಹೋಲಿಸಲು ಗಟ್ಟಿಮುಟ್ಟಾದವರ ರಕ್ತವೂ ಬೇಕು. ಜನ ಸಿಗದೆ ಗಂಡನನ್ನೇ ಎಳೆದುಕೊಂಡು ಹೋದೆ. ಎದೆನೋವು ಉಂಟಾ ಎಂದು ನಿಯಮದಂತೆ ಕೇಳಿದೆ.

"ನಂಗೆಂತ ಧಾಡಿ? ಬೇಗ ತೆಗಿ" ಅಂದರು.

ಕೆಲವು ವಾರಗಳ ಮೇಲೆ ಸಂಶೋಧನೆ ನಡೆಸುವ ಡಾಕ್ಟರ್ ಅರ್ಚಿತಾ ನನ್ನನ್ನು ಒಳಗೆ ಕರೆದರು. ನನ್ನ ಗಂಡನ ರಕ್ತದ ಫಲಿತಾಂಶ ಹಾರ್ಟ್ ಅಟ್ಯಾಕ್ ಆದವರ ಹಾಗೆ ಬಂದಿತ್ತು. ಟ್ಯೂಬು ಅದಲುಬದಲಾಗಿರಬಹುದಾ ಎಂದು ಕೇಳಿದರು. ಜನ್ಮದಲ್ಲಿ ಮೊದಲ ಸಲ, ನಾನು ತಪ್ಪು ಮಾಡಿರಲಿ ದೇವರೇ ಎಂದು ಬೇಡಿಕೊಂಡೆ. ಮಾಡಿರಲಿಲ್ಲ.

"ಇದಿನ್ನೂ ಸಂಶೋಧನೆ ಮಂಗಲಾ, ಇದೊಂದನ್ನೇ ಹಿಡ್ಕೊಂಡು ರೋಗ ಅಂತ ಹೇಳೂಕಾಗೂದಿಲ್ಲ. ಮೊದಲು ಇಸಿಜಿ ಮಾಡ್ಸಿ. ಆದ್ರೆ ಅವರ ಒಪ್ಪಿಗೆ ಇಲ್ದೆ ಬೇರೆ ಯಾರಿಗೂ ಹೇಳುವ ಹಾಗಿಲ್ಲ."

ರಕ್ತ ಕೊಟ್ಟ ದಿನ ಅವರು ಎಡಭುಜ ತಿಕ್ಕಿಕೊಳ್ಳುತ್ತ ಸೋಡಾ ಕುಡಿದದ್ದು ಆಗ ನೆನಪಾಯಿತು. ನಮ್ಮ ಕಡೆ ಎದೆಯಲ್ಲಿ ಏನೇ ಆದರೂ ಅದು ಗ್ಯಾಸು. ನರ್ಸಾದ ನಾನೂ ಹಾಗೇ ಅಂದುಕೊಂಡಿದ್ದೆ.

ಆ ರಾತ್ರಿ ಅವರಿಗೆ ವಿಷಯ ಹೇಳಿ, "ಇಸಿಜಿ ಮಾಡ್ಸುವ" ಅಂದೆ.

"ಎಂತಕ್ಕೆ? ಡಿಪೋಕ್ಕೆ ಗೊತ್ತಾದ್ರೆ ಸ್ಟೇರಿಂಗ್ ಕಸೀತಾರೆ. ಗೇಟ್ ಕಾಯ್ತಾ ಕೂತ್ಕಳ್ಳಾ?"

"ಬಸ್ಸಲ್ಲಿ ಜನ ಇರ್ತಾರಲ್ಲ?"

"ಅವರಿಗೆಂತ ಆಗೂದಿಲ್ಲ. ನೀ ಬಾಯಿ ಮುಚ್ಚು."

ಡಿಪೋಕ್ಕೆ ಹೇಳಿದರೆ ಗಂಡನ ಹೊಟ್ಟೆಯ ಮೇಲೆ ಹೊಡೆದಂತೆ, ನನ್ನ ಕೆಲಸದ ನಿಯಮವನ್ನೂ ಮುರಿದಂತೆ. ಹೇಳದಿದ್ದರೆ ಒಂದು ಬಸ್ಸು ಜನರ ಜೀವ. ಅತ್ತ ಹೋಗುವ ಹಾಗಿಲ್ಲ, ಇತ್ತ ಬರುವ ಹಾಗಿಲ್ಲ. ಹೆದರಿಕೆಗಿಂತ ನನಗೆ ಸಿಟ್ಟೇ ಹೆಚ್ಚಾಗಿತ್ತು.

ಮರುದಿನ ಬೆಳಿಗ್ಗೆ ನಾನೂ ಬಸ್ಸು ಹತ್ತಿ ಅವರ ಬೆನ್ನ ಹಿಂದೆಯೇ ಕೂತೆ.

"ಎಲ್ಲಿಗೆ ನೀನು?"

"ನೀವು ಹೋದಲ್ಲಿಗೆ. ಹೆಂಗಸರಿಗೆ ಟಿಕೆಟ್ ಪುಕ್ಕಟೆ ಅಲ್ದಾ?"

ಅವರು ಮುಂದಕ್ಕೆ ತಿರುಗಿ ಬಸ್ಸು ಚಾಲೂ ಮಾಡಿದರು. ಬಾಗಿಲು ಮುಚ್ಚಿತು. ಕಾಲಿಡಲು ಜಾಗವಿಲ್ಲದಷ್ಟು ಜನ. ಹೊನ್ನಾವರ ದಾಟಿ ಶರಾವತಿ ಸೇತುವೆ ಏರಿದ್ದೇ ಗಾಡಿಗಳ ಸಾಲು ನಿಂತಿತು. ಮುಂದೆ ಲಾರಿ, ಹಿಂದೆ ಮೀನಿನ ಟೆಂಪೊ, ಕೆಳಗೆ ಹೊಳೆ. ಅವರ ಕಾಲರು ಬೆವರಿನಲ್ಲಿ ತೊಯ್ದಿತ್ತು. ಎಡಗೈ ಸ್ಟೇರಿಂಗ್ ಬಿಟ್ಟು ಮಡಿಲಿಗೆ ಜಾರಿತು.

"ಮಂಗಲಾ, ಎದೆ ಹಿಂಡ್ತದೆ" ಅಂದರು, ನನಗೆ ಮಾತ್ರ ಕೇಳುವಷ್ಟು. "ಕೂಗ್ಬೇಡ. ಬ್ರಿಡ್ಜ್ ಒಂದು ದಾಟ್ಸಿಬಿಡ್ತೆ."

ಮುಂದಿನ ಲಾರಿ ಸರಿಯಿತು. ಅವರ ಕೈ ಗೇರಿನ ಕಡೆ ಹೋಯಿತು. ನಾನು ಎದ್ದು ಬಗ್ಗಿ ಕೀಲಿ ತಿರುಗಿಸಿ ಕಿತ್ತುಕೊಂಡೆ.

"ಮಾದೇವಣ್ಣಾ" ಎಂದು ಕಂಡಕ್ಟರಿಗೆ ಕೂಗಿದೆ. "ಎಲ್ಲರನ್ನೂ ಇಳ್ಸು, ಆಂಬುಲೆನ್ಸಿಗೆ ಫೋನ್ ಮಾಡು. ಡ್ರೈವರಿಗೆ ಹಾರ್ಟ್ ಅಟ್ಯಾಕ್!"

ಇಡೀ ಬಸ್ಸು ತಿರುಗಿ ಅವರನ್ನೇ ನೋಡಿತು. ಅವರು ನನ್ನನ್ನು ನೋಡಿದ ನೋಟ ಶತ್ರುವನ್ನು ನೋಡುವ ನೋಟ.

"ನನ್ನ ಅನ್ನ ಕಿತ್ತೆ ನೀನು."

"ಹೌದು" ಅಂದೆ. ಅಳು ಬಂತು.

ಜನ ಇಳಿದರು. ಹಿಂದಿನ ಗಾಡಿಗಳೆಲ್ಲ ಹಾರ್ನ್ ಹೊಡೆಯುತ್ತಿದ್ದವು, ನಮ್ಮ ಬಸ್ಸೇ ದಾರಿಗೆ ಅಡ್ಡ. "ಬದಿಗಾದ್ರೂ ಹಾಕ್ತೆ, ಕೀಲಿ ಕೊಡೆ" ಎಂದು ಅವರು ಬೇಡತೊಡಗಿದರು, ತಣ್ಣಗಾದ ಕೈಯಿಂದ ನನ್ನ ಮುಷ್ಟಿ ಬಿಡಿಸುತ್ತ. ನಾನು ಬಿಡಲಿಲ್ಲ.